ಹಿಂಡಿ ಚೀಲದ ಮೂಲ ಕೇಳುವುದು ಹೇಗೆ? ಆಮದು ಪಶು ಆಹಾರದಲ್ಲಿ ಅನುಮತಿಯಿಲ್ಲದ ಕುಲಾಂತರಿ ತಡೆಯಲು ಮಲೆನಾಡಿಗರಿಗೊಂದು ಮಾರ್ಗದರ್ಶಿ

ಮಲೆನಾಡಿನ ಕೊಟ್ಟಿಗೆಗೆ ಒಂದು ಕಾಲಕ್ಕೆ ಬೈಹುಲ್ಲು, ಬ್ಯಾಣದ ಹಸಿಹುಲ್ಲು, ಮನೆಯ ತೌಡು, ಅಕ್ಕಚ್ಚು ಇಷ್ಟೇ ಸಾಕಾಗುತ್ತಿತ್ತು. ಮಲೆನಾಡು ಗಿಡ್ಡಕ್ಕೆ ಈಗಲೂ ಅಷ್ಟು ಸಾಕು. ಆದರೆ ಹೊತ್ತಿಗೆ ಎಂಟು ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸುವನ್ನು ಕಟ್ಟಿದ ಮೇಲೆ ಚೀಲದ ಆಹಾರವಿಲ್ಲದೆ ನಡೆಯುವುದಿಲ್ಲ. ಕೋಳಿ ಫಾರಂಗಳಂತೂ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಮೇಲೆಯೇ ನಿಂತಿವೆ. ಮೆಕ್ಕೆಜೋಳ ನಮ್ಮ ಶಿಕಾರಿಪುರ, ಸೊರಬದಲ್ಲಿ, ಪಕ್ಕದ ದಾವಣಗೆರೆ, ಹಾವೇರಿಯಲ್ಲಿ ಬೆಳೆಯುತ್ತದೆ. ಸೋಯಾ ಹೆಚ್ಚಾಗಿ ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದಿಂದ ಬರುತ್ತದೆ. ಇವೆರಡರ ಬೆಲೆ ಏರಿದಾಗಲೆಲ್ಲ ಹಡಗಿನ ಕಡೆ ಕಣ್ಣು ಹೋಗುತ್ತದೆ. ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಬೆಳೆಯುವ ಸೋಯಾ ಮತ್ತು ಮೆಕ್ಕೆಜೋಳದ ಬಹುಪಾಲು ಕುಲಾಂತರಿಯೇ, ಅಂದರೆ ಪ್ರಯೋಗಾಲಯದಲ್ಲಿ ಜೀನು ಸೇರಿಸಿ ರೂಪಿಸಿದ ತಳಿಗಳೇ.

ಹಾಗೆ ನೋಡಿದ್ದು ಬರೀ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಸೋಯಾ ಹಿಂಡಿಯ ಬೆಲೆ ಕೋಳಿ ಸಾಕುವವರ ಕೈಗೆ ಎಟುಕದಂತಾದಾಗ, ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ದಾರಿ ತೆರೆಯಿತು. ಎಣ್ಣೆ ತೆಗೆದ ಹಿಂಡಿಯಲ್ಲಿ ಜೀವಂತ ಬೀಜವಿಲ್ಲ, ಆದ್ದರಿಂದ ಪರಿಸರದ ದೃಷ್ಟಿಯಿಂದ ಆಕ್ಷೇಪವಿಲ್ಲ ಎಂದು ಪರಿಸರ ಸಚಿವಾಲಯ ಹೇಳಿತು. ಮುಂಬೈ ಬಳಿಯ ನವಾಶೇವಾ ಬಂದರಿನಲ್ಲಿ ಇಳಿದ ಆ ಸರಕು ಯಾವ ಗಿರಣಿಗೆ ಹೋಯಿತು, ಯಾವ ಚೀಲಕ್ಕೆ ಸೇರಿತು ಎಂದು ಕೊಳ್ಳುವವನಿಗೆ ತಿಳಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ. ನನಗೆ ಕಾಡುವ ವಿಷಯ ಇದೇ. ಕುಲಾಂತರಿ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಇನ್ನೂ ಬಹುಕಾಲ ನಡೆಯುತ್ತದೆ. ಆದರೆ ಚೀಲದೊಳಗಿನ ಪದಾರ್ಥಕ್ಕೆ ಈ ದೇಶದ ಅನುಮತಿ ಇದೆಯೇ, ಅದು ಎಲ್ಲಿಂದ ಬಂತು ಎಂದು ಕೇಳುವ ಹಕ್ಕಿಗೆ ಆ ಜಗಳ ಮುಗಿಯುವ ತನಕ ಕಾಯಬೇಕಿಲ್ಲ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಕೋಳಿ ಸಾಕುವವರು, ಊರಿನಲ್ಲೇ ಆಹಾರ ಅರೆದು ಮಾರುವ ಸಣ್ಣ ಗಿರಣಿಯವರು, ಪಂಚಾಯಿತಿ ಸದಸ್ಯರು ಈ ಪ್ರಶ್ನೆಯನ್ನು ಹೇಗೆ ಕೇಳಬೇಕು, ಉತ್ತರವನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಎರಡು ಗೆರೆ ಎಳೆದುಕೊಳ್ಳಿ

ಮೊದಲ ಗೆರೆ ಅನುಮತಿಯದು. ಭಾರತದಲ್ಲಿ ವಾಣಿಜ್ಯ ಬೇಸಾಯಕ್ಕೆ ಬಂದಿರುವ ಕುಲಾಂತರಿ ಬೆಳೆ ಹತ್ತಿ ಒಂದೇ. ಕೀಟ ತಡೆಯುವ ಜೀನು ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಎರಡನೆಯ ಪೀಳಿಗೆಗೆ 2006ರಲ್ಲಿ ಸಿಕ್ಕಿತು. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ತಡೆ ಬಿತ್ತು. ಕುಲಾಂತರಿ ಸಾಸಿವೆಗೆ 2022ರಲ್ಲಿ ಸಿಕ್ಕ ಪರಿಸರ ಬಿಡುಗಡೆಯ ಅನುಮತಿಯ ಬಗ್ಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೀಗಾಗಿ ನಾವು ಹಸುವಿಗೆ ಹಾಕುವ ಹತ್ತಿಕಾಳು ಹಿಂಡಿ ಬಹುಮಟ್ಟಿಗೆ ಕುಲಾಂತರಿ ಹತ್ತಿಯದೇ, ಮತ್ತು ಅದು ಅನುಮತಿ ಪಡೆದದ್ದು. ಆದರೆ ಕಳೆನಾಶಕ ತಾಳಿಕೊಳ್ಳುವ ಹತ್ತಿಯ ಬೀಜ ಕಳ್ಳದಾರಿಯಲ್ಲಿ ಹೊಲ ಸೇರಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕೆ ಅನುಮತಿ ಇಲ್ಲ. ಒಂದೇ ಹಿಂಡಿಯಲ್ಲಿ ಎರಡೂ ಇರಬಹುದು.

ಎರಡನೆಯ ಗೆರೆ ಜೀವದ್ದು. ಇಡೀ ಕಾಳು ಮೊಳೆಯುತ್ತದೆ. ಎಣ್ಣೆ ತೆಗೆದು ಬೇಯಿಸಿದ ಹಿಂಡಿ ಮೊಳೆಯುವುದಿಲ್ಲ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುವಂಥದ್ದು. ಲಾರಿಯಿಂದ ಉದುರಿದ ಕಾಳು ಮಳೆಗಾಲದ ಮಲೆನಾಡಿನಲ್ಲಿ ರಸ್ತೆಬದಿಯಲ್ಲೇ ಎದ್ದು ನಿಲ್ಲುತ್ತದೆ, ಅದರ ಪರಾಗ ಪಕ್ಕದ ಹೊಲದ ತೆನೆಗೆ ಬೀಳಬಹುದು. ಸೋಯಾ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಅಷ್ಟು ಸುಲಭಕ್ಕೆ ಹರಡದು. ಆದ್ದರಿಂದ ಇಡೀ ಮೆಕ್ಕೆಜೋಳ ಆಮದಾಗಿ ಬಂದಿದೆ ಎಂದರೆ ಎಚ್ಚರ ದುಪ್ಪಟ್ಟಾಗಬೇಕು. ಸೋಯಾ ಹಿಂಡಿಯಾದರೆ ಪ್ರಶ್ನೆ ಮುಖ್ಯವಾಗಿ ಕಾನೂನಿನದು ಮತ್ತು ಮೂಲ ತಿಳಿಯುವ ಹಕ್ಕಿನದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ಇದನ್ನು ಮುಚ್ಚಿಟ್ಟು ಹೆದರಿಸುವವರಿದ್ದಾರೆ. ಕುಲಾಂತರಿ ಆಹಾರ ತಿಂದ ಹಸುವಿನ ಹಾಲು ಕುಲಾಂತರಿ ಹಾಲಾಗುವುದಿಲ್ಲ. ತಿಂದ ಆಹಾರದ ಡಿಎನ್‌ಎ ಮತ್ತು ಪ್ರೋಟೀನು ಹೊಟ್ಟೆಯಲ್ಲಿ ಒಡೆದುಹೋಗುತ್ತವೆ. ಕುಲಾಂತರಿ ಪದಾರ್ಥಗಳಿಗೆ ಕಟ್ಟುನಿಟ್ಟಿನ ಲೇಬಲ್ ನಿಯಮವಿರುವ ಯುರೋಪಿನಲ್ಲೂ ಇಂಥ ಹಾಲು, ಮೊಟ್ಟೆ, ಮಾಂಸಕ್ಕೆ ಲೇಬಲ್ ಕಡ್ಡಾಯವಿಲ್ಲ. ಅನುಮತಿ ಇಲ್ಲದ್ದು ಬರಬಾರದು ಎನ್ನಲು ಹಾಲನ್ನು ವಿಷವೆಂದು ಸಾರುವ ಅಗತ್ಯವೇ ಇಲ್ಲ. ಹಾಗೆ ಸಾರಿದರೆ ನಷ್ಟ ಹಾಲು ಹಾಕುವ ಬಡ ರೈತನಿಗೇ.

ಯಾರ ಬಾಗಿಲು ತಟ್ಟಬೇಕು

ಪರಿಸರ ಸಂರಕ್ಷಣಾ ಕಾಯಿದೆ 1986ರ ಅಡಿಯಲ್ಲಿ 1989ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳು ಇಂದಿಗೂ ಈ ವಿಷಯದ ಬೆನ್ನೆಲುಬು. ಅದರ ಪ್ರಕಾರ ಕುಲಾಂತರಿ ಜೀವಿಗಳನ್ನಾಗಲಿ, ಅವುಗಳ ಅಂಶವಿರುವ ಪದಾರ್ಥಗಳನ್ನಾಗಲಿ ಆಮದು ಮಾಡಲು, ಸಾಗಿಸಲು, ಬಳಸಲು, ಮಾರಲು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ (ಜಿಇಎಸಿ) ಒಪ್ಪಿಗೆ ಬೇಕು. ಹಿಂದೆ ಈ ಸಮಿತಿಯ ಹೆಸರಿನಲ್ಲಿ ‘ಅನುಮೋದನೆ’ ಎಂದಿತ್ತು, 2010ರಲ್ಲಿ ಅದನ್ನು ‘ಮೌಲ್ಯಮಾಪನ’ ಎಂದು ಬದಲಿಸಲಾಯಿತು. ಹಿಂಡಿ ಸತ್ತ ಪದಾರ್ಥ, ಅದಕ್ಕೆ ಈ ಸಮಿತಿಯ ಒಪ್ಪಿಗೆ ಬೇಡ ಎಂಬ 2021ರ ವಾದವನ್ನು ಅನೇಕರು ಪ್ರಶ್ನಿಸಿದರು. ನಿಯಮದ ಅಕ್ಷರಗಳನ್ನು ಓದಿದಾಗ ಪ್ರಶ್ನಿಸಿದವರ ಮಾತಿನಲ್ಲೇ ಹೆಚ್ಚು ತೂಕವಿದೆ ಎಂದು ನನಗೂ ಅನ್ನಿಸುತ್ತದೆ: ಅಲ್ಲಿ ಜೀವಿಗಳ ಜೊತೆಗೆ ಜೀವಕೋಶ ಮತ್ತು ಅಂಗಾಂಶ ಸೇರಿರುವ ಪದಾರ್ಥಗಳ ಉಲ್ಲೇಖವೂ ಇದೆ.

ಎರಡನೆಯದು ವಿದೇಶಿ ವ್ಯಾಪಾರದ ಕಾನೂನು. 2006ರಿಂದ ಆಮದುದಾರ ತನ್ನ ಸರಕಿನಲ್ಲಿ ಕುಲಾಂತರಿ ಅಂಶವಿದ್ದರೆ ಬಂದರಿನಲ್ಲೇ ಘೋಷಿಸಬೇಕು. ಘೋಷಿಸದೆ ತಂದರೆ 1992ರ ವಿದೇಶಿ ವ್ಯಾಪಾರ ಕಾಯಿದೆಯಡಿ ಶಿಕ್ಷೆಗೆ ಗುರಿಯಾಗುತ್ತಾನೆ.

ಮೂರನೆಯದರಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಆಗಸ್ಟ್‌ನಲ್ಲಿ ಮೆಕ್ಕೆಜೋಳ, ಸೋಯಾ, ಭತ್ತ, ಗೋಧಿ ಸೇರಿ 24 ಆಮದು ಬೆಳೆಗಳಿಗೆ ಕುಲಾಂತರಿಯಲ್ಲ ಎಂಬ ಪ್ರಮಾಣಪತ್ರ ಕಡ್ಡಾಯ ಮಾಡಿತು. ಅರಿಯದೆ ಬೆರೆತ ಅಂಶ ಶೇ 1ರವರೆಗೆ ಇದ್ದರೆ ವಿನಾಯಿತಿ ಕೊಟ್ಟಿತು. ಇದು 2021ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಆದರೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ‘ಆಹಾರ’ ಎಂಬುದರ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಟ್ಟಿದ್ದಾರೆ. ಆದ್ದರಿಂದ ಹಿಂಡಿಯ ದೂರನ್ನು ಆಹಾರ ಸುರಕ್ಷತಾ ಅಧಿಕಾರಿಗೆ ಕೊಟ್ಟರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹಿಂದಿರುಗಿ ಬರುತ್ತದೆ. ಆ ಶೇ 1ರ ವಿನಾಯಿತಿಯನ್ನು ತೋರಿಸಿ ಯಾರಾದರೂ ವರ್ತಕರು ವಾದಿಸಿದರೆ, ಅದು ಮನುಷ್ಯರ ಆಹಾರಕ್ಕೆ ಬರುವ ಸರಕಿನ ಆದೇಶ ಎಂದು ನೆನಪಿಸಿ.

ನಾಲ್ಕನೆಯದು ನಮ್ಮ ಹತ್ತಿರದ್ದು. ಅದೇ 1989ರ ನಿಯಮಗಳು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇರಬೇಕು, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮನ್ವಯ ಸಮಿತಿ ಇರಬೇಕು ಎನ್ನುತ್ತವೆ. ಜಿಲ್ಲಾ ಸಮಿತಿಗೆ ತಪಾಸಣೆಯ, ವರದಿ ಮಾಡುವ ಹೊಣೆ ಇದೆ. ಕೃಷಿ, ಆರೋಗ್ಯ, ಮಾಲಿನ್ಯ ನಿಯಂತ್ರಣದವರು ಅದರಲ್ಲಿ ಕೂರಬೇಕು. ದೂರು ಬರೆಯುವಾಗ ‘ಮಾನ್ಯ ಜಿಲ್ಲಾಧಿಕಾರಿಗಳು’ ಎಂದು ಮಾತ್ರ ಬರೆಯದೆ ‘1989ರ ನಿಯಮಗಳಡಿಯ ಜಿಲ್ಲಾ ಮಟ್ಟದ ಸಮಿತಿಯ ಅಧ್ಯಕ್ಷರು’ ಎಂದೂ ಸೇರಿಸಿ. ಆಗ ಅದು ಸಾಮಾನ್ಯ ಮನವಿಗಳ ರಾಶಿಯಲ್ಲಿ ಬೀಳದೆ ಶಾಸನಬದ್ಧ ಹೊಣೆಯನ್ನು ಎಬ್ಬಿಸುವ ಕಾಗದವಾಗುತ್ತದೆ.

ಚೀಲವನ್ನು ಓದುವುದು

ಈಗ ಕೊಟ್ಟಿಗೆಗೆ ಬರೋಣ. ಪಶು ಆಹಾರದ ಚೀಲದ ಮೇಲೆ ಪ್ರೋಟೀನು, ಕೊಬ್ಬು, ನಾರು, ತೇವಾಂಶದ ಶೇಕಡಾವಾರು ಇರುತ್ತದೆ. ಹಸುವಿನ ಮಿಶ್ರ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 2052 ಮಾನಕವಿದೆ. ಆದರೆ ಯಾವ ಕಾಳು, ಯಾವ ದೇಶದ್ದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ‘ಧಾನ್ಯಗಳು, ಹಿಂಡಿಗಳು, ತೌಡು, ಕಾಕಂಬಿ, ಖನಿಜ ಮಿಶ್ರಣ’ ಎಂಬಷ್ಟಕ್ಕೆ ಮುಗಿಯುತ್ತದೆ. ಆದ್ದರಿಂದ ಬಾಯಿ ಬಿಟ್ಟು ಕೇಳಲೇಬೇಕು, ಬರವಣಿಗೆಯಲ್ಲೇ ಕೇಳಬೇಕು.

ಕೇಳಬೇಕಾದದ್ದು ಇಷ್ಟು: ಈ ಚೀಲದಲ್ಲಿ ಸೋಯಾ ಹಿಂಡಿ, ಮೆಕ್ಕೆಜೋಳ, ಮೆಕ್ಕೆಜೋಳದ ಎಥೆನಾಲ್ ಚರಟ, ಸಾಸಿವೆ ಜಾತಿಯ ಕನೋಲಾದ ಹಿಂಡಿ, ಹತ್ತಿಕಾಳು ಹಿಂಡಿ ಇವುಗಳಲ್ಲಿ ಯಾವುದಿದೆ? ಅದರಲ್ಲಿ ಯಾವುದು ಆಮದು? ಯಾವ ದೇಶ, ಯಾವ ಬಂದರು, ಯಾವ ತಿಂಗಳು? ಎಥೆನಾಲ್ ಚರಟ ಎಂದರೆ ಡಿಡಿಜಿಎಸ್ ಎಂದು ವ್ಯಾಪಾರದಲ್ಲಿ ಕರೆಯುವ ಒಣಪುಡಿ. ಕಾಳಿನ ಪಿಷ್ಟ ಮದ್ಯಸಾರವಾಗಿ ಹೋದ ಮೇಲೆ ಉಳಿಯುವ, ಪ್ರೋಟೀನು ಹೆಚ್ಚಿರುವ ಶೇಷ. ನಮ್ಮ ದೇಶದ ಎಥೆನಾಲ್ ಘಟಕಗಳಿಂದಲೂ ಅದು ಹೇರಳವಾಗಿ ಬರುತ್ತಿದೆ. ಅಮೆರಿಕದೊಂದಿಗಿನ ವ್ಯಾಪಾರ ಮಾತುಕತೆಗಳಲ್ಲೂ ಅದರ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಅಮೆರಿಕದ ಮೆಕ್ಕೆಜೋಳದ ಚರಟವೆಂದರೆ ಕುಲಾಂತರಿ ಎಂದೇ ಭಾವಿಸಿ ಮುಂದಿನ ಪ್ರಶ್ನೆ ಕೇಳಿ. ಆಮದು ಎಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಮ್ಯಾನ್ಮಾರ್ ಮತ್ತು ಉಕ್ರೇನಿನಿಂದ ನಮಗೆ ಬಂದ ಮೆಕ್ಕೆಜೋಳ, ಟೋಗೋ, ಬೆನಿನ್, ಮೊಜಾಂಬಿಕ್‌ನಂಥ ಆಫ್ರಿಕಾ ದೇಶಗಳಿಂದ ಬರುವ ಸೋಯಾ ಕಾಳು ಕುಲಾಂತರಿಯಲ್ಲ ಎಂಬ ಆಧಾರದ ಮೇಲೆಯೇ ಒಳಗೆ ಬಂದಿವೆ. ಆ ಆಧಾರದ ಕಾಗದ ತೋರಿಸಿ ಎನ್ನುವುದಷ್ಟೇ ನಮ್ಮ ಕೆಲಸ.

ಕಾಗದಗಳು ಮೂರು ಸಾಕು. ಒಂದು, ಕಸ್ಟಮ್ಸಿನ ಆಮದು ನಮೂನೆಯ ಪ್ರತಿ, ಅಂದರೆ ಬಿಲ್ ಆಫ್ ಎಂಟ್ರಿ. ಬೆಲೆಯ ಅಂಕಣ ಮುಚ್ಚಿ ಕೊಟ್ಟರೂ ಸರಿ. ಅದರಲ್ಲಿ ಸರಕಿನ ಸಂಕೇತ ಇರುತ್ತದೆ: ಸೋಯಾ ಹಿಂಡಿಗೆ 2304, ಮೆಕ್ಕೆಜೋಳಕ್ಕೆ 1005, ಮದ್ಯಸಾರ ಘಟಕದ ಶೇಷಕ್ಕೆ 2303ರ ಅಡಿಯ ಸಂಖ್ಯೆ. ಚೀಲದ ವಿವರಕ್ಕೂ ಈ ಸಂಕೇತಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ. ಎರಡು, ರಫ್ತು ಮಾಡಿದ ದೇಶದ ಸರ್ಕಾರಿ ಸಂಸ್ಥೆ ಕೊಟ್ಟ, ಕುಲಾಂತರಿಯಲ್ಲ ಎಂಬ ಪ್ರಮಾಣಪತ್ರ, ಅಥವಾ ಕುಲಾಂತರಿಯಾಗಿದ್ದರೆ ಭಾರತದ ಅನುಮತಿಯ ಪ್ರತಿ. ಮೂರು, ಪ್ರಯೋಗಾಲಯದ ವರದಿ. ಪ್ರಮಾಣಪತ್ರದಲ್ಲಿ ಹಡಗಿನ ಹೆಸರು, ಸರಕಿನ ಲಾಟ್ ಸಂಖ್ಯೆ, ದಿನಾಂಕ ಇದ್ದು ಅದು ಬಿಲ್ಲಿಗೆ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ‘ನಮ್ಮ ಎಲ್ಲ ಉತ್ಪನ್ನಗಳೂ ಕುಲಾಂತರಿ ಮುಕ್ತ’ ಎಂದು ಕಂಪನಿಯ ತಲೆಬರಹದಲ್ಲಿ ಬರೆದುಕೊಟ್ಟ ಪತ್ರವನ್ನು ಕಡತಕ್ಕೆ ಹಾಕಿಕೊಳ್ಳಿ, ಆದರೆ ಅದನ್ನೇ ಪುರಾವೆ ಎಂದು ನಂಬಬೇಡಿ.

ಕಾಗದವನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಬಿಟಿ-10 ಮೆಕ್ಕೆಜೋಳದ ಪ್ರಕರಣವಿದೆ. ಅನುಮತಿ ಇದ್ದದ್ದು ಬಿಟಿ-11ಕ್ಕೆ. ಅದರ ಜೊತೆ ಎಲ್ಲೂ ಅನುಮತಿಯಿಲ್ಲದ ಬಿಟಿ-10 ಬೀಜ 2001ರಿಂದ 2004ರವರೆಗೆ ಅಮೆರಿಕದಲ್ಲಿ ಬಿತ್ತನೆಗೆ ಹೋಗಿಬಿಟ್ಟಿತ್ತು. ಸಂಗತಿ ಹೊರಬಿದ್ದದ್ದು 2005ರಲ್ಲಿ. ಆಗ ಯುರೋಪು ಮಾಡಿದ ಕೆಲಸ ನಮಗೆ ಪಾಠವಾಗಬೇಕು: ಅಮೆರಿಕದಿಂದ ಬರುವ ಮೆಕ್ಕೆಜೋಳದ ಗ್ಲುಟೆನ್ ಪಶು ಆಹಾರ ಮತ್ತು ಮದ್ಯ ತಯಾರಿಕೆಯ ಚರಟ, ಇವೆರಡನ್ನೇ ಗುರಿಯಾಗಿಟ್ಟು, ಬಿಟಿ-10 ಇಲ್ಲವೆಂಬ ಪ್ರಯೋಗಾಲಯ ವರದಿ ಪ್ರತಿ ಸರಕಿನೊಂದಿಗೆ ಇರಲೇಬೇಕೆಂದು ಆದೇಶಿಸಿತು. ಎಲ್ಲವನ್ನೂ ನಿಷೇಧಿಸಲಿಲ್ಲ, ಎಲ್ಲವನ್ನೂ ಬಿಡಲೂ ಇಲ್ಲ. ಮನುಷ್ಯರ ಆಹಾರಕ್ಕೆ ಒಪ್ಪಿಗೆಯಿಲ್ಲದೆ ಪಶು ಆಹಾರಕ್ಕೆ ಮಾತ್ರ ಒಪ್ಪಿಗೆ ಪಡೆದಿದ್ದ ಸ್ಟಾರ್‌ಲಿಂಕ್ ಮೆಕ್ಕೆಜೋಳ 2000ದಲ್ಲಿ ಅಮೆರಿಕದ ಅಂಗಡಿಗಳ ತಿಂಡಿಯಲ್ಲೇ ಸಿಕ್ಕಿಬಿದ್ದದ್ದೂ ನೆನಪಿರಲಿ. ಪಶುಗಳಿಗೆ ಬೇರೆ, ಮನುಷ್ಯರಿಗೆ ಬೇರೆ ಎಂದು ಒಂದೇ ಕಾಳನ್ನು ಎರಡು ದಾರಿಯಲ್ಲಿ ಪ್ರತ್ಯೇಕವಾಗಿ ಸಾಗಿಸುವುದು ಅಷ್ಟು ಕಷ್ಟ.

ಮಾದರಿ ತೆಗೆಯುವುದು: ಇಲ್ಲಿ ಅವಸರ ಮಾಡಬೇಡಿ

ಪರೀಕ್ಷೆ ಸೋಲುವುದು ಪ್ರಯೋಗಾಲಯದಲ್ಲಿ ಕಡಿಮೆ, ಮಾದರಿ ತೆಗೆಯುವಾಗ ಹೆಚ್ಚು. ಗೋದಾಮಿನ ಬಾಗಿಲ ಬಳಿಯ ಒಂದು ಚೀಲದಿಂದ ಬೊಗಸೆ ಕಾಳು ತೆಗೆದು ಕಳುಹಿಸಿದರೆ ಅದು ಆ ಚೀಲದ ಬಾಯಿಯ ಸಾಕ್ಷಿಯೇ ಹೊರತು ಲಾರಿಯದ್ದಲ್ಲ.

ಇಡೀ ಕಾಳಿನ ಲೆಕ್ಕ ಸರಳ. ಸಾವಿರಕ್ಕೆ ಒಂದು ಕಾಳು ಕುಲಾಂತರಿಯಾಗಿದ್ದರೆ ಅದನ್ನು ಶೇ 95 ಖಚಿತವಾಗಿ ಹಿಡಿಯಲು ಸುಮಾರು 3000 ಕಾಳು ಬೇಕು. ನೂರಕ್ಕೆ ಒಂದಾದರೆ 300 ಕಾಳು ಸಾಕು. 3000 ಮೆಕ್ಕೆಜೋಳದ ಕಾಳೆಂದರೆ ಹತ್ತಿರ ಹತ್ತಿರ ಒಂದು ಕೆಜಿ. ಸೋಯಾ ಆದರೆ ಅರ್ಧ ಕೆಜಿಯೊಳಗೆ. ಆದ್ದರಿಂದ ಪ್ರಯೋಗಾಲಯಕ್ಕೆ ಹೋಗುವ ಪೊಟ್ಟಣ ಒಂದು ಕೆಜಿಗೆ ಕಡಿಮೆ ಇರಬಾರದು, ಮತ್ತು ಇಡೀ ಪೊಟ್ಟಣವನ್ನು ಅರೆದು ಅದರಿಂದ ಪರೀಕ್ಷಿಸಿ ಎಂದು ಬರೆದುಕೊಡಬೇಕು. ಇಲ್ಲವಾದರೆ ಅವರು ಮೇಲಿನ ನಾಲ್ಕು ಚಮಚ ತೆಗೆದುಕೊಂಡರೂ ನೀವು ಪ್ರಶ್ನಿಸುವಂತಿಲ್ಲ.

ಲಾರಿಯಲ್ಲಿ 225 ಚೀಲವಿದ್ದರೆ ಅದರ ವರ್ಗಮೂಲದಷ್ಟು, ಅಂದರೆ 15 ಚೀಲಗಳಿಂದ ತೆಗೆಯುವುದು ರೂಢಿಯ ಲೆಕ್ಕ. ಮೇಲಿನ ಸಾಲು, ನಡುವಿನ ಸಾಲು, ತಳದ ಸಾಲು ಮೂರರಿಂದಲೂ ಇರಲಿ. ಇಳಿಸುತ್ತಿರುವಾಗಲೇ ನಿಂತು ತೆಗೆದರೆ ತಳದ ಚೀಲ ಸಿಗುತ್ತದೆ. ಒಮ್ಮೆ ಅಟ್ಟಿ ಕಟ್ಟಿದ ಮೇಲೆ ಸಿಗುವುದಿಲ್ಲ. ಚೀಲಕ್ಕೆ ಚುಚ್ಚುವ ಕೊಳವೆಯನ್ನು ಒಂದು ಮೂಲೆಯಿಂದ ಓರೆಯಾಗಿ ನಡುವಿನವರೆಗೆ ಇಳಿಸಿ. ಎಲ್ಲವನ್ನೂ ಸ್ವಚ್ಛ ಹಾಳೆಯ ಮೇಲೆ ಸುರಿದು ಬೆರೆಸಿ, ದುಂಡಗೆ ಹರಡಿ, ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಬೆರೆಸಿ ಹೀಗೆಯೇ ಮಾಡುತ್ತಾ ಮೂರು ಕೆಜಿಗೆ ಇಳಿಸಿ. ಅದನ್ನು ಮೂರು ಪೊಟ್ಟಣ ಮಾಡಿ: ಒಂದು ಪ್ರಯೋಗಾಲಯಕ್ಕೆ, ಒಂದು ಮಾರಿದವನಿಗೆ, ಒಂದು ನಿಮ್ಮ ಬಳಿ. ಮೂರಕ್ಕೂ ಅರಗಿನ ಮುದ್ರೆ, ಅದರ ಮೇಲೆ ಲಾರಿ ಚಾಲಕ ಅಥವಾ ವರ್ತಕರ ಪ್ರತಿನಿಧಿಯ ಸಹಿ, ಸಂಘದ ಕಾರ್ಯದರ್ಶಿಯ ಸಹಿ, ದಿನಾಂಕ, ಲಾರಿ ಸಂಖ್ಯೆ, ಲಾಟ್ ಸಂಖ್ಯೆ.

ಎರಡು ಎಚ್ಚರ ಮಲೆನಾಡಿಗೇ ವಿಶೇಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳು ಗಾಳಿಯಿಂದಲೇ ನೀರು ಹೀರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ಆದ್ದರಿಂದ ಕಾಗದದ ಚೀಲ, ಅದರ ಮೇಲೆ ಬಟ್ಟೆಯ ಚೀಲ, ಸಾಧ್ಯವಾದರೆ ಅದೇ ದಿನ ರವಾನೆ. ನಿಮ್ಮ ಪಾಲಿನ ಪೊಟ್ಟಣವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಪುಡಿಯ ಜೊತೆ ಇಡಿ. ಇನ್ನೊಂದು ಎಚ್ಚರ ಧೂಳಿನದು. ಗಿರಣಿಯೊಳಗೆ ಹತ್ತಿಕಾಳು ಹಿಂಡಿ ಅರೆಯುತ್ತಿರುವಾಗ ಪಕ್ಕದಲ್ಲೇ ಮೆಕ್ಕೆಜೋಳದ ಮಾದರಿ ತೆಗೆದರೆ ಆ ಧೂಳಿನ ಕುಲಾಂತರಿ ಅಂಶ ಮೆಕ್ಕೆಜೋಳದ ವರದಿಯಲ್ಲಿ ಬರುತ್ತದೆ. ಈ ಪರೀಕ್ಷೆ ಅಷ್ಟು ಸೂಕ್ಷ್ಮ. ಹೊರಗೆ, ಗಾಳಿಗೆ ಮರೆಯಾದ ಕಡೆ, ಹೊಸ ಕೈಗವಸು ತೊಟ್ಟು ತೆಗೆಯಿರಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಐದಾರು ದಿನ ಇಡಿ. ಮೊಳಕೆ ಬಂದರೆ ಅದು ಜೀವಂತ ಕಾಳು. ಇದರಿಂದ ಕುಲಾಂತರಿಯೋ ಅಲ್ಲವೋ ತಿಳಿಯುವುದಿಲ್ಲ. ಆದರೆ ‘ಇದನ್ನು ಹುರಿದು ಸಾಯಿಸಿ ತಂದದ್ದು’ ಎಂದು ಯಾರಾದರೂ ಹೇಳಿದ್ದರೆ ಆ ಮಾತು ನಿಜವೇ ಎಂದು ತಿಳಿಯುತ್ತದೆ.

ವರದಿಯನ್ನು ಅರ್ಥಮಾಡಿಕೊಳ್ಳುವುದು

ಅಗ್ಗದ ಪರೀಕ್ಷೆಯೆಂದರೆ ಪಟ್ಟಿ ಪರೀಕ್ಷೆ. ಕಾಳಿನ ಪುಡಿಯನ್ನು ನೀರಿನಲ್ಲಿ ಕಲಕಿ ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಅದು ಹುಡುಕುವುದು ಒಂದೊಂದು ಪ್ರೋಟೀನನ್ನು ಮಾತ್ರ, ಹಸಿ ಕಾಳಿನಲ್ಲಿ ಮಾತ್ರ. ಬೇಯಿಸಿದ ಹಿಂಡಿಯಲ್ಲಿ, ಆವಿಯಲ್ಲಿ ಒತ್ತಿದ ಗುಳಿಗೆಯಲ್ಲಿ ಪ್ರೋಟೀನು ರೂಪಗೆಟ್ಟಿರುತ್ತದೆ. ಹಾಗಾಗಿ ಅಲ್ಲಿ ‘ಇಲ್ಲ’ ಎಂದು ಬಂದ ಫಲಿತಾಂಶಕ್ಕೆ ಅರ್ಥವಿಲ್ಲ. ಹಿಂಡಿಗೆ ಪಿಸಿಆರ್ ಬೇಕು. ಅದು ಡಿಎನ್‌ಎಯ ಸಣ್ಣ ತುಣುಕನ್ನೂ ಹಿಡಿಯುತ್ತದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಈ ಪರಿಣತಿ ಬಹುಕಾಲದಿಂದ ಇದೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆಯಿರುವ ಖಾಸಗಿ ಪ್ರಯೋಗಾಲಯಗಳೂ ಮಾಡುತ್ತವೆ. ಆಯ್ಕೆ ಮಾಡುವಾಗ ಅವರ ಮಾನ್ಯತೆಯ ಪಟ್ಟಿಯಲ್ಲಿ ಕುಲಾಂತರಿ ಪರೀಕ್ಷೆಯೂ ಸೇರಿದೆಯೇ ಎಂದು ನೋಡಿ.

ಸಾಮಾನ್ಯ ಪಿಸಿಆರ್ ವರದಿಯಲ್ಲಿ ‘35ಎಸ್’ ಮತ್ತು ‘ನಾಸ್’ ಎಂಬ ಎರಡು ಹೆಸರು ಬರುತ್ತವೆ. ಬಹಳಷ್ಟು ಕುಲಾಂತರಿ ಬೆಳೆಗಳಲ್ಲಿ ಸೇರಿಸಿದ ಜೀನಿನ ಮುಂದೆ ಮತ್ತು ಹಿಂದೆ ಇರುವ ತುಣುಕುಗಳಿವು. ಇವು ಸಿಕ್ಕರೆ ಕುಲಾಂತರಿ ಅಂಶವಿರುವ ಸಂಭವ ಹೆಚ್ಚು. ಆದರೆ ಇಷ್ಟಕ್ಕೇ ಪತ್ರಿಕಾಗೋಷ್ಠಿ ಕರೆಯಬೇಡಿ. ಚೀಲದಲ್ಲಿ ಹತ್ತಿಕಾಳು ಹಿಂಡಿ ಇದ್ದರೆ ಅನುಮತಿ ಪಡೆದ ಬಿಟಿ ಹತ್ತಿಯಿಂದಲೇ 35ಎಸ್ ಕಾಣಿಸಿಕೊಳ್ಳುತ್ತದೆ. ಸಾಸಿವೆ ಹಿಂಡಿ ಇದ್ದರೆ ಸಾಸಿವೆ, ಹೂಕೋಸು ಜಾತಿಗೆ ತಗಲುವ ವೈರಸ್ಸಿನಿಂದಲೂ ಬರಬಹುದು, ಏಕೆಂದರೆ ಆ ತುಣುಕು ಮೂಲತಃ ಆ ವೈರಸ್ಸಿನದೇ. ಹಾಗಾಗಿ ಮುಂದಿನ ಹೆಜ್ಜೆಗೆ ‘ಈವೆಂಟ್ ನಿರ್ದಿಷ್ಟ’ ಪರೀಕ್ಷೆ, ಅಂದರೆ ಇದು ಯಾವ ಕುಲಾಂತರಿ ಸಾಲು (ತಳಿ) ಎಂದು ಗುರುತಿಸುವ ಪರೀಕ್ಷೆ ಕೇಳಬೇಕು. ಪ್ರತಿಯೊಂದು ಕುಲಾಂತರಿ ಸಾಲಿಗೂ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಇದೆ. ಉದಾಹರಣೆಗೆ ಕಳೆನಾಶಕ ತಾಳುವ ಹಳೆಯ ಸೋಯಾಕ್ಕೆ ಎಂಒಎನ್-04032-6. ಜೈವಿಕ ಸುರಕ್ಷತೆಯ ಕಾರ್ಟಜೀನಾ ಒಪ್ಪಂದದ ಮಾಹಿತಿ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಯಾವ ದೇಶ ಯಾವುದಕ್ಕೆ ಒಪ್ಪಿದೆ ಎಂದು ಸಿಗುತ್ತದೆ. ಭಾರತ ಈ ಒಪ್ಪಂದಕ್ಕೆ 2003ರ ಜನವರಿಯಲ್ಲಿ ಸೇರಿತು. ವರದಿಯಲ್ಲಿ ಅಂಥ ಒಂದು ಸಂಖ್ಯೆ ಸಿಕ್ಕು, ಅದಕ್ಕೆ ಭಾರತದಲ್ಲಿ ಅನುಮತಿ ಇಲ್ಲವೆಂದಾದರೆ ಮಾತ್ರ ನಿಮ್ಮ ದೂರಿಗೆ ಗಟ್ಟಿ ನೆಲ ಸಿಕ್ಕಿದಂತೆ.

ಮಿಶ್ರ ಆಹಾರಕ್ಕಿಂತ ಅದಕ್ಕೆ ಸೇರುವ ಒಂದೊಂದೇ ಕಚ್ಚಾ ಪದಾರ್ಥವನ್ನು ಪರೀಕ್ಷಿಸಿದರೆ ಹಣವೂ ಗೊಂದಲವೂ ಉಳಿಯುತ್ತದೆ. ಆದ್ದರಿಂದ ಈ ಕೆಲಸ ಗಿರಣಿಯ ಮಟ್ಟದಲ್ಲಿ ಆಗುವುದೇ ಸರಿ. ಶಿಕಾರಿಪುರದಲ್ಲಿ ಹಾಲು ಮಹಾಮಂಡಳದ ಪಶು ಆಹಾರ ಘಟಕವಿದೆ. ಜಿಲ್ಲಾ ಹಾಲು ಒಕ್ಕೂಟಕ್ಕೆ ಸಾವಿರಾರು ರೈತರ ದನಿ ಇದೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಎರಡೂ ಇವೆ. ಮಾದರಿ ತೆಗೆಯುವ ತರಬೇತಿಯನ್ನು ಇವರಿಂದ ಕೇಳುವುದು ನ್ಯಾಯವಾದ ಬೇಡಿಕೆ. ಪರೀಕ್ಷೆಗೆ ಹೇಗೂ ಹಣ ಖರ್ಚಾಗುತ್ತದೆ ಎಂದ ಮೇಲೆ ಅದೇ ಮಾದರಿಯಲ್ಲಿ ಅಫ್ಲಾಟಾಕ್ಸಿನನ್ನೂ ನೋಡಿಸಿ. ಬೂಷ್ಟಿನ ಈ ವಿಷ ಹಾಲಿಗೆ ಇಳಿಯುತ್ತದೆ, ಮತ್ತು ಮಲೆನಾಡಿನ ತೇವದಲ್ಲಿ ಅದು ಕುಲಾಂತರಿಗಿಂತ ಹತ್ತಿರದ ಅಪಾಯ.

ಸಿಕ್ಕಿಬಿದ್ದರೆ ಏನು ಮಾಡಬೇಕು

ಮೊದಲು ಆ ಲಾಟನ್ನು ಬೇರೆ ಇಡಿ, ಹಗ್ಗ ಕಟ್ಟಿ ಫಲಕ ಹಾಕಿ. ಬೇರೊಬ್ಬರಿಗೆ ಮಾರಿ ಕೈತೊಳೆದುಕೊಳ್ಳಬೇಡಿ, ಏಕೆಂದರೆ ತಿಳಿದೂ ಮಾರಿದರೆ ನಿಯಮ ಮುರಿದವರು ನೀವೂ ಆಗುತ್ತೀರಿ. ಹಳ್ಳಕ್ಕೆ ಸುರಿಯಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಇಡೀ ಕಾಳಾಗಿದ್ದರೆ ಅದನ್ನು ಒಂದು ಹಿಡಿಯಷ್ಟೂ ಬಿತ್ತನೆಗೆ ಕೊಡಬೇಡಿ. ಬೀಜದ ಬೆಲೆ ಏರಿದ ವರ್ಷ ಗೋದಾಮಿನ ಕಾಳನ್ನು ಮೇವಿನ ಬೆಳೆಗೆಂದು ಎರಚುವ ಅಭ್ಯಾಸ ನಮ್ಮಲ್ಲಿದೆ. ಅನುಮತಿಯಿಲ್ಲದ ಬೆಳೆ ಹೊಲಕ್ಕೆ ಇಳಿಯುವ ಅತಿ ಸುಲಭದ ದಾರಿ ಅದೇ. ಗೋದಾಮಿನ ಅಂಗಳ, ಲಾರಿ ಇಳಿಸುವ ಜಾಗ, ತೂಕದ ಸೇತುವೆಯ ಸುತ್ತ ಗುಡಿಸಿ ತೆಗೆಯಿರಿ. ಮಳೆ ಬಿದ್ದ ಮೂರನೆಯ ವಾರ ಮತ್ತೆ ನೋಡಿ, ಎದ್ದ ಸಸಿಗಳನ್ನು ಸೂಲಂಗಿ ಒಡೆಯುವ ಮೊದಲೇ ಕಿತ್ತು ಒಣಗಿಸಿ ಸುಡಿ.

ಆಮೇಲೆ ದೂರು. ಮಾದರಿ ತೆಗೆದ ಮಹಜರಿನ ಪ್ರತಿ, ವರದಿ, ಖರೀದಿ ಬಿಲ್ಲು, ಆಮದಿನ ಕಾಗದ ಲಗತ್ತಿಸಿ ಜಿಲ್ಲಾ ಮಟ್ಟದ ಸಮಿತಿಯ ಅಧ್ಯಕ್ಷರಿಗೆ ಬರೆಯಿರಿ. ಪ್ರತಿಯನ್ನು ರಾಜ್ಯ ಸಮನ್ವಯ ಸಮಿತಿಗೆ, ದೆಹಲಿಯ ಜಿಇಎಸಿಗೆ, ಸರಕು ಇಳಿದ ಬಂದರಿನ ಕಸ್ಟಮ್ಸ್ ಆಯುಕ್ತರಿಗೆ ಕಳುಹಿಸಿ. ಪರಿಸರ ಕಾಯಿದೆಯ ಉಲ್ಲಂಘನೆಗೆ ಹಿಂದೆ ಐದು ವರ್ಷದವರೆಗೆ ಜೈಲಿತ್ತು. 2023ರ ಜನವಿಶ್ವಾಸ ಕಾಯಿದೆಯ ತಿದ್ದುಪಡಿಯ ಮೇಲೆ ಅದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿದೆ. ಹಡಗುಗಟ್ಟಲೆ ತರುವವನಿಗೆ 15 ಲಕ್ಷ ದೊಡ್ಡ ಮಾತಲ್ಲ, ಇದು ನನಗೆ ಸಂಕಟ ತರುವ ಬದಲಾವಣೆ. ಸರಕು ಬಂದರಿನಲ್ಲೇ ನಿಂತರೆ ಆಗುವ ನಷ್ಟ ಮಾತ್ರ ಅವನಿಗೆ ತಾಗುತ್ತದೆ. 2013ರ ಕೊನೆಯಲ್ಲಿ ಎಂಐಆರ್ 162 ಎಂಬ, ತನ್ನಲ್ಲಿ ಒಪ್ಪಿಗೆಯಿಲ್ಲದ ಸಾಲು ಸಿಕ್ಕಿತೆಂದು ಚೀನಾ ಅಮೆರಿಕದ ಮೆಕ್ಕೆಜೋಳದ ಹಡಗುಗಳನ್ನು ಹಿಂದಕ್ಕೆ ಕಳುಹಿಸಲು ತೊಡಗಿದಾಗ ಇಡೀ ವ್ಯಾಪಾರ ಎಚ್ಚೆತ್ತಿತು. ಅದಕ್ಕೇ ದೂರಿನಲ್ಲಿ ದಂಡದ ಬೇಡಿಕೆಯ ಜೊತೆಗೆ ಅದೇ ಆಮದುದಾರನ ಮುಂದಿನ ಸರಕುಗಳನ್ನು ಬಂದರಿನಲ್ಲೇ ಪರೀಕ್ಷಿಸಬೇಕು ಎಂಬ ಬೇಡಿಕೆಯೂ ಇರಬೇಕು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರದ ಗಡುವು 30 ದಿನ. ಆಮದುದಾರರ ಹೆಸರು ಕೇಳಿದರೆ ವ್ಯಾಪಾರ ಗೋಪ್ಯತೆಯ ನೆಪ ಬರುತ್ತದೆ. ಅದರ ಬದಲು ಹೀಗೆ ಕೇಳಿ: ಇಂಥ ಸಂಕೇತದ ಸರಕು ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಈ ಬಂದರಿನಲ್ಲಿ ಎಷ್ಟು ಟನ್ ಇಳಿಯಿತು, ಎಷ್ಟು ಸರಕಿಗೆ ಕುಲಾಂತರಿ ಘೋಷಣೆ ಇತ್ತು, ಎಷ್ಟು ಮಾದರಿ ಪರೀಕ್ಷೆಗೆ ಹೋಯಿತು, ಫಲಿತಾಂಶಗಳ ಪ್ರತಿ ಕೊಡಿ. ಜಿಲ್ಲಾಧಿಕಾರಿ ಕಚೇರಿಗೆ ಬೇರೆ ಅರ್ಜಿ: 1989ರ ನಿಯಮದಡಿಯ ಸಮಿತಿ ಯಾವಾಗ ರಚನೆಯಾಯಿತು, ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿಯ ಪ್ರತಿ ಕೊಡಿ. ಈ ಎರಡನೆಯ ಅರ್ಜಿಯನ್ನು ದೂರು ಹುಟ್ಟುವ ತನಕ ಕಾಯದೆ ಈಗಲೇ ಹಾಕಬಹುದು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಇದರ ಪ್ರತಿ ಕೇಳಿ ಠರಾವು ಮಾಡಬಹುದು.

ಸಂಘದ ಖರೀದಿ ಒಪ್ಪಂದದಲ್ಲಿ ನಾಲ್ಕು ಸಾಲು

ಇಷ್ಟೆಲ್ಲ ಓಡಾಟಕ್ಕಿಂತ ಮೊದಲೇ ಆಗಬೇಕಾದ ಕೆಲಸವಿದು, ಮತ್ತು ಅತಿ ಸುಲಭದ್ದು. ಪಶು ಆಹಾರ ಅಥವಾ ಹಿಂಡಿ ಕೊಳ್ಳುವ ಪ್ರತಿ ಒಪ್ಪಂದದಲ್ಲಿ ಹೀಗೆ ಬರೆಸಿ: ‘ಸರಬರಾಜುದಾರರು ಆಮದು ಪದಾರ್ಥಗಳ ದೇಶ ಮತ್ತು ಲಾಟ್ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ನಮೂದಿಸಬೇಕು. ಭಾರತದಲ್ಲಿ ಅನುಮತಿಯಿಲ್ಲದ ಕುಲಾಂತರಿ ಅಂಶ ಇರಕೂಡದು. ಜಂಟಿ ಮಾದರಿ ತೆಗೆಯಲು ಸಂಘಕ್ಕೆ ಹಕ್ಕಿದೆ. ವರದಿ ವಿರುದ್ಧ ಬಂದರೆ ಸರಕನ್ನು ಹಿಂದಕ್ಕೆ ಒಯ್ಯುವ, ಪರೀಕ್ಷೆಯ ಮತ್ತು ಸಾಗಣೆಯ ವೆಚ್ಚ ಭರಿಸುವ ಹೊಣೆ ಸರಬರಾಜುದಾರರದು.’ ಸಹಿ ಹಾಕಲು ಹಿಂಜರಿಯುವ ವರ್ತಕರ ಬಳಿ ಕಾರಣ ಕೇಳಿ, ಆ ಕಾರಣವನ್ನು ನಡಾವಳಿಯಲ್ಲಿ ಬರೆದಿಡಿ. ಸೆಪ್ಟೆಂಬರ್ ಹೊತ್ತಿಗೆ ನಡೆಯುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಈ ನಾಲ್ಕು ಸಾಲನ್ನು ಸೇರಿಸಿ ಎಂದು ಯಾವ ಸದಸ್ಯರು ಬೇಕಾದರೂ ಲಿಖಿತ ಮನವಿ ಕೊಡಬಹುದು. ಒಂದು ಸಂಘ ಮಾಡಿದ ಠರಾವಿನ ಪ್ರತಿಯನ್ನು ಪಕ್ಕದ ಊರಿನ ಸಂಘಕ್ಕೂ, ಜಿಲ್ಲಾ ಒಕ್ಕೂಟದ ಖರೀದಿ ವಿಭಾಗಕ್ಕೂ ಕಳುಹಿಸಿ. ಪ್ರತಿ ಲಾಟಿನ ಬಿಲ್ಲು ಮತ್ತು ಮುದ್ರೆಯೊತ್ತಿದ ಪೊಟ್ಟಣವನ್ನು ಆ ಲಾಟು ಖರ್ಚಾದ ಮೇಲೂ ಕನಿಷ್ಠ ಆರು ತಿಂಗಳು ಕಾಪಾಡಿ.